ಡಾಕ್ಟರು ಹೇಳದೆ ಬಿಟ್ಟ ಮಾತು

ಫೆಬ್ರವರಿ ೩

ಡಾಕ್ಟ್ರಿಗೆ,

ಹೊಲಿಗೆ ಟೀಚರ್ ಬರೀತಿರೋದು. ನಾನೀಗ ತಂಗಿ ಮನೆಯಲ್ಲಿದ್ದೀನಿ. ಅವಳ ಮಂಡಿ ಆಪರೇಷನ್ ಆಗಿ ಒಂದು ತಿಂಗಳಾಯ್ತು. ಗೋಡೆ ಹಿಡ್ಕೊಂಡು ಅಡುಗೆಮನೆವರೆಗೆ ಬರ್ತಾಳೆ, ಬಂದು ನಾನು ಪಾತ್ರೆ ಜೋಡಿಸಿರೋ ರೀತಿ ಸರಿಯಿಲ್ಲ ಅಂತಾಳೆ. ಅಂದ್ರೆ ಹುಷಾರಾಗ್ತಿದ್ದಾಳೆ ಅಂತ ಲೆಕ್ಕ.

ನಿಮಗೆ ಫೋನ್ ಮಾಡಬಹುದಿತ್ತು. ಆದ್ರೆ ನಿಮ್ಮ ದನಿ ಕೇಳಿದ ಕೂಡಲೇ "ಚೆನ್ನಾಗಿದ್ದೀನಿ ಡಾಕ್ಟ್ರೇ" ಅಂದು ಇಟ್ಟುಬಿಡ್ತೀನಿ, ನನಗೆ ಗೊತ್ತು. ಅದಕ್ಕೇ ಕಾಗದ.

ಹೋದ ವಾರ ತಂಗಿಯ ಮಂಡಿ ತೋರಿಸೋಕೆ ಇಲ್ಲಿನ ಕ್ಲಿನಿಕ್ಕಿಗೆ ಹೋಗಿದ್ವಿ. ಚಿಕ್ಕ ವಯಸ್ಸಿನ ಡಾಕ್ಟರಮ್ಮ. ತಂಗಿಯನ್ನ ನೋಡಿ ಮುಗಿಸಿ, ಪಕ್ಕದಲ್ಲಿ ಬ್ಯಾಗು ಹಿಡ್ಕೊಂಡು ಕೂತಿದ್ದ ನನ್ನ ಕಡೆ ತಿರುಗಿದ್ರು. "ನಿಮಗೆಷ್ಟಮ್ಮ ವಯಸ್ಸು?" ಎಪ್ಪತ್ತು ಅಂದೆ. "ಸಕ್ಕರೆ ಕಾಯಿಲೆ ಇದೆಯಾ?" ಇದೆ ಅಂದೆ. "ನ್ಯುಮೋನಿಯಾ ಲಸಿಕೆ ಯಾವಾಗ ಹಾಕಿಸ್ಕೊಂಡ್ರಿ?" ಊಟ ಆಯ್ತಾ ಅಂತ ಕೇಳೋ ಹಾಗೆ ಕೇಳಿದ್ರು.

"ಅದು ಮಕ್ಕಳಿಗಲ್ವಾ?" ಅಂದೆ.

"ದೊಡ್ಡವರಿಗೂ ಇದೆಯಲ್ಲಮ್ಮ. ಎಷ್ಟೋ ವರ್ಷದಿಂದ ಇದೆ."

ಎಡ ತೋಳಿಗೆ ಹಾಕಿದ್ರು. ಮನೆಗೆ ಬಂದು ಕುರ್ಚಿಯಲ್ಲಿ ಕೂತವಳು ಸಂಜೆವರೆಗೆ ಎದ್ದಿಲ್ಲ. ತಂಗಿ ಎರಡು ಸಲ ಬಂದು "ಕೈ ನೋಯ್ತಿದೆಯಾ ಅಕ್ಕಾ?" ಅಂದ್ಲು. ಹೂಂ ಅಂದೆ. ಹಾಗನ್ನೋದು ಸುಲಭ ಇತ್ತು.

ಹೋದ ಜುಲೈಯಲ್ಲಿ ನಮ್ಮ ಮನೆಯವರು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ರು. ಕೊನೆಗೆ ಕೊಟ್ಟ ಸರ್ಟಿಫಿಕೇಟಲ್ಲಿ ಬರೆದಿದ್ದು ನ್ಯುಮೋನಿಯಾ ಅಂತ. ನಿಮ್ಮ ಹತ್ರ ಹನ್ನೆರಡು ವರ್ಷ, ತಿಂಗಳು ತಿಂಗಳು ಬಂದಿದ್ದಾರೆ. ಅವರ ಚೀಟಿ ಪುಸ್ತಕಗಳು ನನ್ನ ಹತ್ರಾನೇ ಇವೆ. ಎಣಿಸಿದೆ. ನೂರ ಮೂವತ್ತೆಂಟು ಸಲ ನಿಮ್ಮ ಮುಂದೆ ಆ ಸ್ಟೂಲಿನ ಮೇಲೆ ಕೂತಿದ್ದಾರೆ.

ಜಗಳಕ್ಕೆ ಬರೀತಿಲ್ಲ. ಜಗಳ ಆಡೋ ಶಕ್ತಿಯೂ ಇಲ್ಲ, ನಿಮ್ಮ ಜೊತೆ ಆಡೋ ಮನಸ್ಸೂ ಇಲ್ಲ. ಒಂದೇ ಮಾತು ತಿಳ್ಕೋಬೇಕು. ನಿಮಗೆ ಗೊತ್ತಿರಲಿಲ್ವಾ? ಗೊತ್ತಿದ್ರೆ ನಮಗೆ ಯಾಕೆ ಹೇಳಲಿಲ್ಲ?

ಇಂತಿ,
ಹೊಲಿಗೆ ಟೀಚರ್


ಮಾರ್ಚ್ ೨

ಡಾಕ್ಟ್ರಿಗೆ,

ನನ್ನ ಕಾಗದ ನಿಮ್ಮ ಕೈ ಸೇರಿರುತ್ತೆ. ನೀವು ಉತ್ತರ ಬರೆಯಲೇಬೇಕು ಅಂತೇನಿಲ್ಲ. ಬರೆದು ಹಾಕಿದ ಮೇಲೆ ಅಂಚೆ ಡಬ್ಬಿಯ ಹತ್ರಾನೇ ನಿಂತಿದ್ದೆ. ಡಬ್ಬಿಯಿಂದ ವಾಪಸ್ ತೆಗೆಯೋ ಹಾಗಿದ್ರೆ ತೆಗೀತಿದ್ದೆನೋ ಏನೋ.

ನೀವು ಊಟ ಮಾಡದೆ ಕೂತಿಲ್ಲ ತಾನೇ? ಕ್ಲಿನಿಕ್ಕಿನ ಸಿಸ್ಟರ್‌ಗೆ ನನ್ನ ನೆನಪು ತಿಳಿಸಿ.

ಹೊಲಿಗೆ ಟೀಚರ್


ಮಾರ್ಚ್ ೯

ಟೀಚರ್,

ನಾಲ್ಕು ಸಲ ಬರೆದು ಹರಿದು ಹಾಕಿದೆ. ನಾಲ್ಕರಲ್ಲೂ ನಾನು ತುಂಬಾ ಬುದ್ಧಿವಂತನ ಹಾಗೆ ಮಾತಾಡಿದ್ದೆ. ಇದು ಐದನೆಯದು.

ಗೊತ್ತಿತ್ತು.

ಅರವತ್ತೈದು ದಾಟಿದವರಿಗೆ, ಸಕ್ಕರೆ ಇರೋರಿಗೆ, ಬೀಡಿ ಸಿಗರೇಟು ಸೇದಿದವರಿಗೆ ಮೊದಲು ಕೊಡಬೇಕು ಅಂತಾನೂ ಗೊತ್ತಿತ್ತು. ನಿಮ್ಮ ಮನೆಯವರು, ನಮ್ಮ ಡ್ರೈವರಣ್ಣ, ಮೂರರಲ್ಲೂ ಇದ್ರು. ಬಸ್ಸಿನ ಸ್ಟೇರಿಂಗ್ ಬಿಟ್ಟ ಮೇಲೇ ಅವರು ಸಿಗರೇಟು ಬಿಟ್ಟಿದ್ದು, ನೀವೇ ಹೇಳಿದ್ರಿ.

ಯಾಕೆ ಹೇಳಲಿಲ್ಲ ಅಂತ ಕೇಳಿದ್ದೀರಿ. ಒಂದೇ ಒಂದು ಕಾರಣ ಇದ್ದಿದ್ರೆ ಹೇಳೋದು ಸುಲಭ. ಬೆಳಿಗ್ಗೆಯಿಂದ ಅರವತ್ತು ಜನ ಬರ್ತಾರೆ. ಅದು ಅಗ್ಗದ್ದಲ್ಲ, ಹಾಕಿಸ್ಕೊಳ್ಳಿ ಅಂದ್ರೆ ಡಾಕ್ಟ್ರು ಔಷಧ ಮಾರೋಕೆ ನಿಂತ ಅಂತಾರೇನೋ ಅನ್ನೋ ಹಿಂಜರಿಕೆ. ಇದೆಲ್ಲ ನಿಜವೇ. ಆದ್ರೆ ಇದಕ್ಕಿಂತ ನಿಜವಾದದ್ದು ಇನ್ನೊಂದಿದೆ. ಡ್ರೈವರಣ್ಣ ಶಿಳ್ಳೆ ಹಾಕ್ಕೊಂಡು ಒಳಗೆ ಬರ್ತಿದ್ರು. "ಏನ್ ಡಾಕ್ಟ್ರೇ, ಇಂಜಿನ್ ಹೆಂಗಿದೆ ನೋಡಿ" ಅಂತ ಷರ್ಟಿನ ಗುಂಡಿ ತಾವೇ ಬಿಚ್ಚೋರು. ಅವರನ್ನ ನೋಡಿದ್ರೆ ನನ್ನ ದಣಿವು ಹೋಗ್ತಿತ್ತು. ಸಕ್ಕರೆ ನೋಡಿ, ಬಿಪಿ ನೋಡಿ, ಎರಡು ಮಾತು ನಕ್ಕು, ಲಸಿಕೆ ವಿಷಯ ಮುಂದಿನ ಸಲ ಹೇಳೋಣ ಅಂದ್ಕೊಳ್ತಿದ್ದೆ. ಇಷ್ಟು ಗಟ್ಟಿಮುಟ್ಟಾಗಿರೋ ಮನುಷ್ಯನಿಗೆ ಅವಸರ ಏನು ಅಂತ.

ಇನ್ನೊಂದು ಮಾತು, ಇದನ್ನ ನನ್ನ ಸಮಾಧಾನಕ್ಕೆ ಹೇಳ್ತಿದ್ದೀನಿ ಅಂದ್ಕೋಬೇಡಿ. ಆ ಲಸಿಕೆ ಎಲ್ಲಾ ನ್ಯುಮೋನಿಯಾವನ್ನೂ ತಡೆಯಲ್ಲ. ಬೇರೆ ಬೇರೆ ಕ್ರಿಮಿಗಳಿಂದ ಬರುತ್ತೆ ಅದು. ಲಸಿಕೆ ತಡೆಯೋದು ಅದರಲ್ಲಿ ಕೆಲವನ್ನ, ಆದ್ರೆ ಹೆಚ್ಚು ಜನರನ್ನ ಮಲಗಿಸೋದು ಆ ಕೆಲವೇ. ಹಾಕಿಸಿದ್ರೆ ಡ್ರೈವರಣ್ಣ ಇವತ್ತು ಇರ್ತಿದ್ರಾ? ಗೊತ್ತಿಲ್ಲ. ಇರಬಹುದಿತ್ತು. ಇಲ್ಲದೆಯೂ ಇರಬಹುದಿತ್ತು. ಅವರಿಗೆ ಸಿಗಬೇಕಾದ ಒಂದು ಅವಕಾಶವನ್ನ ನಾನು ನೂರ ಮೂವತ್ತೆಂಟು ಸಲ ಜೇಬಲ್ಲೇ ಇಟ್ಕೊಂಡೆ, ಅದು ಮಾತ್ರ ಗೊತ್ತು.

ಈ ವರ್ಷದ ಕೊನೆಗೆ ಕ್ಲಿನಿಕ್ ಮುಚ್ಚೋಣ ಅಂತಿದ್ದೀನಿ. ನನಗೂ ಅರವತ್ತಾರಾಯ್ತು. ನಿಮ್ಮ ಕಾಗದ ಬರೋಕೆ ಮುಂಚೇನೇ ಈ ಯೋಚನೆ ಇತ್ತು. ಈಗ ಇನ್ನೂ ಗಟ್ಟಿಯಾಗಿದೆ.

ನಿಮ್ಮ,
ಡಾಕ್ಟರ್


ಮಾರ್ಚ್ ೨೦

ಡಾಕ್ಟ್ರೇ,

ನಿಮ್ಮ ಕಾಗದ ಮೂರು ದಿನ ದಿಂಬಿನ ಕೆಳಗಿತ್ತು. ಮೊದಲನೇ ದಿನ ಸಿಟ್ಟು ಬಂತು. ಎರಡನೇ ದಿನ ಅತ್ತೆ. ಶಿಳ್ಳೆ ಹಾಕ್ಕೊಂಡು ಬರ್ತಿದ್ರು ಅಂತ ಬರೆದಿರಲ್ಲ, ಮನೆಯಲ್ಲಿ ಅವರು ಶಿಳ್ಳೆ ಹಾಕ್ತಾನೇ ಇರಲಿಲ್ಲ. ನಿಮ್ಮ ಹತ್ರ ಬರೋವಾಗ ಮಾತ್ರ ಅಂತ ನನಗೆ ಈಗ ಗೊತ್ತಾಗಿದ್ದು. ಹೆದರಿಕೆಗೆ ಹಾಕ್ತಿದ್ರು ಡಾಕ್ಟ್ರೇ. ಸೂಜಿ ಕಂಡ್ರೆ ಅವರಿಗೆ ಪ್ರಾಣಭಯ. ಘಾಟಿಯಲ್ಲಿ ಬ್ರೇಕ್ ಹಿಡೀದೆ ಇದ್ದಾಗಲೂ ಹೆದರದ ಮನುಷ್ಯ.

ಗೊತ್ತಿಲ್ಲ ಅಂದಿರಲ್ಲ, ಅದು ನನಗೆ ಸಾಕು. ಖಂಡಿತಾ ಉಳೀತಿದ್ರು ಅಂದಿದ್ರೂ ನಂಬ್ತಿರಲಿಲ್ಲ, ಏನೂ ವ್ಯತ್ಯಾಸ ಆಗ್ತಿರಲಿಲ್ಲ ಅಂದಿದ್ರಂತೂ ನಿಮ್ಮ ಮುಖ ನೋಡ್ತಿರಲಿಲ್ಲ.

ನಾನೂ ಒಂದು ಹೇಳ್ತೀನಿ. ಇದುವರೆಗೆ ಯಾರಿಗೂ ಹೇಳಿಲ್ಲ. ಇವರಿಗೆ ಕೆಮ್ಮು ಶುರುವಾಗಿ ಮೂರು ದಿನ ಮನೆಯಲ್ಲೇ ಇದ್ರು. ಎರಡನೇ ದಿನಕ್ಕೇ ಮೈ ಕಾದಿತ್ತು, ಉಸಿರು ಎಳೆಯೋವಾಗ ಪಕ್ಕೆ ಹಿಡ್ಕೊಳ್ತಿದ್ರು. ಡಾಕ್ಟ್ರ ಹತ್ರ ಹೋಗೋಣ್ವಾ ಅಂದೆ. "ಭಾನುವಾರ ಕಣೇ, ಪಾಪ ಅವರೂ ಒಂದು ದಿನ ಕಾಲು ಚಾಚಲಿ" ಅಂದ್ರು. ನಾನು ಬಿಸಿನೀರು ಕುಡಿಸಿ, ಕಂಬಳಿ ಹೊದಿಸಿ, ಯೂನಿಫಾರಂ ಹೊಲಿಯೋಕೆ ಕೂತೆ. ಹತ್ತು ಹುಡುಗಿಯರ ಯೂನಿಫಾರಂ ಸೋಮವಾರಕ್ಕೆ ಕೊಡಬೇಕಿತ್ತು. ಕೊಟ್ಟೆ. ಮಂಗಳವಾರ ಅವರನ್ನ ಆಸ್ಪತ್ರೆಗೆ ಸೇರಿಸಿದ್ವಿ.

ಹಾಗಾಗಿ ನೀವೊಬ್ಬರೇ ಎಲ್ಲಾ ಹೊರೆ ಹೊತ್ಕೊಂಡು ಓಡಾಡೋ ಹಾಗಿಲ್ಲ. ಅರ್ಧ ನನ್ನದು.

ಕ್ಲಿನಿಕ್ ಮುಚ್ತೀನಿ ಅಂದಿದ್ದೀರಿ. ನಿಮ್ಮಿಷ್ಟ. ಆದ್ರೆ ಡಿಸೆಂಬರ್‌ಗೆ ಇನ್ನೂ ಒಂಬತ್ತು ತಿಂಗಳಿದೆ. ಅಷ್ಟರಲ್ಲಿ ಎಷ್ಟು ಜನ ಮುದುಕ ಮುದುಕಿಯರು ನಿಮ್ಮ ಸ್ಟೂಲಿನ ಮೇಲೆ ಕೂರ್ತಾರೆ? ಅವರನ್ನೆಲ್ಲ ಕೇಳಿ. ಒಬ್ಬರನ್ನೂ ಬಿಡಬೇಡಿ. ತಿಂಗಳಿಗೊಂದು ಕಾಗದ ಬರೆದು ನನಗೆ ಒಪ್ಪಿಸಿ. ನಾನು ಮೂವತ್ತೊಂದು ವರ್ಷ ಹುಡುಗಿಯರಿಗೆ ಹೋಂವರ್ಕ್ ಕೊಟ್ಟವಳು. ತಪ್ಪಿಸ್ಕೊಂಡವರನ್ನ ಹಿಡಿಯೋದು ಚೆನ್ನಾಗಿ ಗೊತ್ತು.

ಟೀಚರ್


ಏಪ್ರಿಲ್ ೨೮

ಟೀಚರ್,

ಹೋಂವರ್ಕ್ ಒಪ್ಪಿಸ್ತಿದ್ದೀನಿ. ಫೇಲಾಗಿದ್ದೀನಿ.

ಮೂವತ್ತೊಂದು ಜನರನ್ನ ಕೇಳಿದೆ. ಹಾಕಿಸ್ಕೊಂಡವರು ನಾಲ್ಕು. ಆ ನಾಲ್ವರಲ್ಲಿ ಒಬ್ಬರಿಗೆ ಕಿವಿ ಕೇಳಲ್ಲ, ಅವರು ಯಾವುದಕ್ಕೆ ಹೂಂ ಅಂದ್ರೋ ಅಂತ ಅನುಮಾನ ಬಂದು, ಮಗಳನ್ನ ಕರೆಸಿ ಚೀಟಿಯಲ್ಲಿ ಬರೆದು ತೋರಿಸಿ ಮತ್ತೆ ಒಪ್ಪಿಗೆ ತಗೊಂಡೆ.

ನಿಮ್ಮ ಶಾಲೆಯ ಹಳೇ ಹೆಡ್‌ಮಾಸ್ಟರು ಬಂದಿದ್ರು. "ವಯಸ್ಸಾದವರಿಗೆ ನ್ಯುಮೋನಿಯಾ ಬರದ ಹಾಗೆ ಒಂದು ಲಸಿಕೆ ಇದೆ, ಬೇಕಾದ್ರೆ ನೀವು ಯೋಚನೆ ಮಾಡಬಹುದು" ಅಂದೆ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕ್ಕೊಂಡು, "ಯಾಕೆ, ರಿಪೋರ್ಟಲ್ಲಿ ಏನಾದ್ರೂ ಬಂದಿದೆಯಾ? ನನ್ನ ಹತ್ರ ಮುಚ್ಚಿಡಬೇಡಿ" ಅಂದ್ರು. ಏನೂ ಬಂದಿಲ್ಲ ಅಂತ ನಂಬಿಸೋಕೆ ಕಾಲು ಗಂಟೆ ಬೇಕಾಯ್ತು. ಎದ್ದು ಹೋಗೋವಾಗ ಬಾಗಿಲಲ್ಲಿ ನಿಂತು, "ನೀವು ಹಾಕಿಸ್ಕೊಂಡಿದ್ದೀರಾ?" ಅಂದ್ರು. ಮುಂದಿನವರನ್ನ ಕಳಿಸಿ ಅಂತ ಸಿಸ್ಟರ್‌ನ ಕೂಗಿದೆ.

ಒಬ್ಬಮ್ಮ "ಮಗನನ್ನ ಕೇಳಿ ಹೇಳ್ತೀನಿ" ಅಂದ್ರು. ಮಗ "ಅಮ್ಮನನ್ನ ಕೇಳಿ" ಅಂದ. ಇನ್ನೊಬ್ಬರು, ಮಂಡಿನೋವಿಗೆ ಕೊಡಿ ಅಂದ್ರೆ ಎದೆಗೆ ಕೊಡ್ತೀನಿ ಅಂತೀರಲ್ಲ ಅಂತ ನಕ್ಕು ಹೋದ್ರು. ಹೋಟೆಲಿನ ಕ್ಯಾಷಿಯರಿಗೆ ಯಾರೋ ಹೇಳಿದ್ದಾರಂತೆ, ಅದನ್ನ ಹಾಕಿಸ್ಕೊಂಡ್ರೆ ನ್ಯುಮೋನಿಯಾನೇ ಬರುತ್ತೆ ಅಂತ. ಬರಲ್ಲ, ಅದರಲ್ಲಿ ಜೀವ ಇರೋ ಕ್ರಿಮಿ ಇಲ್ಲ, ತೋಳು ಒಂದೆರಡು ದಿನ ನೋಯಬಹುದು, ಸ್ವಲ್ಪ ಜ್ವರ ಬರಬಹುದು ಅಂದೆ. "ನೋಡಿದ್ರಾ, ಜ್ವರ ಬರುತ್ತೆ ಅಂತ ನೀವೇ ಒಪ್ಕೊಂಡ್ರಿ" ಅಂದ್ರು.

ನನಗೆ ಕೇಳೋಕೆ ಬರಲ್ಲ ಟೀಚರ್. ಮೂವತ್ತೆಂಟು ವರ್ಷ ರೋಗಿಗಳು ಕೇಳಿದ್ದಕ್ಕೆ ಉತ್ತರ ಹೇಳೋದು ಮಾತ್ರ ಅಭ್ಯಾಸ ಆಗಿದೆ.

ಡಾಕ್ಟರ್


ಮೇ ೬

ಡಾಕ್ಟ್ರೇ,

ಓದಿ ನಕ್ಕೆ. ಜುಲೈ ಆದಮೇಲೆ ಮೊದಲ ಸಲ ಜೋರಾಗಿ ನಕ್ಕಿದ್ದು. ತಂಗಿ ಮಂಡಿ ಮರೆತು ಓಡಿ ಬಂದ್ಲು.

"ಬೇಕಾದ್ರೆ ಯೋಚನೆ ಮಾಡಬಹುದು" ಅಂದ್ರೆ ಯಾರು ಹಾಕಿಸ್ಕೋತಾರೆ? ಸಕ್ಕರೆ ಮಾತ್ರೆ ಕೊಡೋವಾಗ ಹೀಗೆ ಕೇಳ್ತೀರಾ? "ಬೆಳಿಗ್ಗೆ ಒಂದು, ಸಂಜೆ ಒಂದು" ಅಂತ ಬರೀತೀರಿ, ನಾವು ನುಂಗ್ತೀವಿ. ಇಲ್ಲಿನ ಡಾಕ್ಟರಮ್ಮ ನನ್ನನ್ನ ಕೇಳಿದ ಮೇಲೆ ಬೇಕಾ ಬೇಡ್ವಾ ಅನ್ನಲಿಲ್ಲ. "ನಿಮ್ಮ ವಯಸ್ಸಿಗೆ ಇದು ಬೇಕಮ್ಮ, ನಮ್ಮಮ್ಮನಿಗೂ ಹಾಕ್ಸಿದ್ದೀನಿ. ಇವತ್ತೇ ಹಾಕ್ಬಿಡೋಣ್ವಾ?" ಅಂದ್ರು. ಆಮೇಲೆ ಬಾಯಿ ಮುಚ್ಕೊಂಡು ನನ್ನ ಮುಖ ನೋಡ್ತಾ ಕೂತ್ರು. ನನಗೆ ಕೇಳಬೇಕಾದ್ದೆಲ್ಲ ಕೇಳೋಕೆ ಜಾಗ ಬಿಟ್ರು. ಹೊಸ ಹುಡುಗಿಗೆ ಸೂಜಿಗೆ ದಾರ ಪೋಣಿಸೋದು ಕಲಿಸೋವಾಗ ನಾನೂ ಹಾಗೇ ಮಾಡ್ತಿದ್ದೆ. ತೋರಿಸಿ, ಸುಮ್ಮನೆ ಕೂರೋದು. ನಾವು ಗಡಿಬಿಡಿ ಮಾಡಿದ್ರೆ ಅವರ ಕೈ ನಡುಗುತ್ತೆ.

ಇನ್ನು ಹೆಡ್‌ಮಾಸ್ಟರ ಪ್ರಶ್ನೆ. ಅವರು ನನಗೆ ಮೂವತ್ತು ವರ್ಷ ಕಾಟ ಕೊಟ್ಟವರು, ಆದ್ರೆ ಪ್ರಶ್ನೆ ಮಾತ್ರ ಯಾವಾಗಲೂ ಸರಿಯಾಗೇ ಕೇಳ್ತಿದ್ರು. ಉತ್ತರ ಏನು? ಹಾಕಿಸ್ಕೊಂಡಿದ್ದೀರಾ?

ಟೀಚರ್


ಜೂನ್ ೧೭

ಟೀಚರ್,

ಇರಲಿಲ್ಲ. ಈಗ ಆಗಿದೆ.

ನಿಮ್ಮ ಕಾಗದ ಬಂದ ದಿನ ಸಿಸ್ಟರ್‌ನ ಕರೆದು, ಕೋಟು ಬಿಚ್ಚಿ, ರೋಗಿಗಳ ಸ್ಟೂಲಿನ ಮೇಲೆ ಕೂತೆ. ಆ ಸ್ಟೂಲು ಒಂದು ಕಡೆ ವಾಲುತ್ತೆ, ನಿಮಗೆ ಗೊತ್ತಾ? ಅಷ್ಟು ವರ್ಷದಲ್ಲಿ ಒಬ್ಬರೂ ಹೇಳಿಲ್ಲ. ಸಿಸ್ಟರ್ ಸ್ಪಿರಿಟ್ ಹಚ್ಚೋವಾಗ ಅಂದ್ರು: "ಮೂರು ವರ್ಷದ ಹಿಂದೆ ನಾನು ಹೇಳಿದ್ದೆ ಸಾರ್. ದೊಡ್ಡವರ ಲಸಿಕೆಯನ್ನೂ ತರಿಸಿ ಫ್ರಿಡ್ಜಲ್ಲಿ ಇಡೋಣ ಅಂತ. ನೋಡೋಣ ಅಂದ್ರಿ." ನನಗೆ ನೆನಪೇ ಇಲ್ಲ. ಅವರಿಗಿದೆ. ತೋಳಿಗಿಂತ ಅದು ಹೆಚ್ಚು ನೋಯ್ತು.

ಈಗ ನಾವಿಬ್ಬರೂ ಕೆಲಸ ಹಂಚ್ಕೊಂಡಿದ್ದೀವಿ. ಹೊರಗೆ ಬಿಪಿ ನೋಡೋವಾಗಲೇ ಸಿಸ್ಟರ್ ವಯಸ್ಸು ಕೇಳಿ ಚೀಟಿಯ ಮೂಲೆಯಲ್ಲಿ ಒಂದು ಗುರುತು ಹಾಕ್ತಾರೆ. ಗುರುತಿದ್ರೆ ನಾನು ಕೇಳದೆ ಕಳಿಸೋ ಹಾಗಿಲ್ಲ, ಕಳಿಸಿದ್ರೆ ಅವರೇ ವಾಪಸ್ ಒಳಗೆ ಕರ್ಕೊಂಡು ಬರ್ತಾರೆ. ಜ್ವರ ಇರೋರಿಗೆ ಇವತ್ತು ಬೇಡ, ಹುಷಾರಾಗಿ ಬನ್ನಿ ಅಂತೀವಿ. "ನಾನೂ ಹಾಕಿಸ್ಕೊಂಡೆ, ಎರಡು ದಿನ ತೋಳು ನೋಯ್ತು" ಅಂತೀನಿ. ಹೆಡ್‌ಮಾಸ್ಟರಿಗೆ ಮನೆಗೇ ಫೋನ್ ಮಾಡಿ ಉತ್ತರ ಹೇಳಿದೆ. ಮರುದಿನ ಹೆಂಡತಿಯನ್ನೂ ಕರ್ಕೊಂಡು ಬಂದ್ರು. ಈ ತಿಂಗಳು ಕೇಳಿದ್ದು ಐವತ್ತೆರಡು ಜನರನ್ನ, ಹಾಕಿಸ್ಕೊಂಡವರು ಮೂವತ್ನಾಲ್ಕು.

ಒಬ್ಬರ ವಿಷಯ ಬೇರೆ ಹೇಳಬೇಕು. ಡ್ರೈವರಣ್ಣನ ಬಸ್ಸಿನ ಕಂಡಕ್ಟರು.

ಡ್ರೈವರಣ್ಣ ಹೋದ ಮೇಲೆ ಅವರು ಕ್ಲಿನಿಕ್ಕಿಗೆ ಕಾಲಿಟ್ಟಿಲ್ಲ. ಎಪ್ಪತ್ತೆರಡು ವಯಸ್ಸು, ಆ ಗೂರಲು ಎದೆ, ಔಷಧಿ ಅಂಗಡಿಯವನ ಹತ್ರ ಮಾತ್ರೆ ಕೇಳಿ ನುಂಗ್ತಿದ್ದಾರೆ ಅಂತ ಗೊತ್ತಾಯ್ತು. ಭಾನುವಾರ ನಾನೇ ಅವರ ಮನೆಗೆ ಹೋದೆ. ಬಾಗಿಲು ತೆಗೆದು, ನನ್ನ ಬ್ಯಾಗು ನೋಡಿ, "ಯಾರಿಗೂ ಹುಷಾರಿಲ್ಲ ಇಲ್ಲಿ" ಅಂದ್ರು. ಆದ್ರೂ ಒಳಗೆ ಬಿಟ್ರು. ಗೋಡೆ ಮೇಲೆ ಇಬ್ಬರೂ ಬಸ್ಸಿನ ಮುಂದೆ ನಿಂತಿರೋ ಫೋಟೋ ಇದೆ.

ನಿಮಗೆ ಬರೆದದ್ದನ್ನೇ ಅವರಿಗೂ ಹೇಳಿದೆ. ಲಸಿಕೆ ಇತ್ತು, ನನಗೆ ಗೊತ್ತಿತ್ತು, ನಿಮ್ಮ ಗೆಳೆಯನಿಗೆ ಹೇಳಲಿಲ್ಲ. ಈಗ ನಿಮಗೆ ಹೇಳೋಕೆ ಬಂದಿದ್ದೀನಿ.

ಬೈತಾರೆ ಅಂತ ಕಾದೆ. ಬೈದಿದ್ರೆ ಚೆನ್ನಾಗಿತ್ತು. "ಅವನಿಗೆ ಸಿಗದೇ ಇದ್ದದ್ದು ನನಗ್ಯಾಕೆ ಡಾಕ್ಟ್ರೇ?" ಅಂದ್ರು. ಅಷ್ಟೇ. ಬ್ಯಾಗು ಎತ್ಕೊಂಡು ಬಂದೆ.

ಡಾಕ್ಟರ್


ಜುಲೈ ೧

ಕಂಡಕ್ಟ್ರೇ,

ನಿಮ್ಮ ಅತ್ತಿಗೆ ಬರೀತಿರೋದು. ಡಾಕ್ಟ್ರು ನಿಮ್ಮ ಮನೆಗೆ ಬಂದಿದ್ದು, ನೀವು ಅಂದಿದ್ದು, ಎಲ್ಲಾ ಗೊತ್ತಾಯ್ತು.

ಹತ್ತೊಂಬತ್ತು ವರ್ಷ ಒಂದೇ ಬಸ್ಸಲ್ಲಿ ಇದ್ರಿ. ನನ್ನ ಜೊತೆ ಕೂತಿದ್ದಕ್ಕಿಂತ ನಿಮ್ಮ ಜೊತೆ ಅವರು ಹೆಚ್ಚು ಕೂತಿದ್ದಾರೆ. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚೂ ಇತ್ತು, ಈಗ ಹೇಳಿದ್ರೆ ತಪ್ಪೇನಿಲ್ಲ. ಮನೆಗೆ ಬಂದ್ರೆ ನಿಮ್ಮದೇ ಮಾತು. "ನನ್ನ ಕಂಡಕ್ಟ್ರು ಇವತ್ತು ಹೀಗಂದ, ಹಾಗಂದ." ಒಂದು ಸಲ ನಿಮಗೆ ಜ್ವರ ಬಂದು ಬೇರೆ ಯಾರೋ ಬಂದಾಗ ಮೂರು ದಿನ ಮುಖ ಗಂಟು ಹಾಕ್ಕೊಂಡು ಊಟ ಮಾಡಿದ್ರು. ಉಪ್ಪು ಕಮ್ಮಿ, ಖಾರ ಜಾಸ್ತಿ, ಏನು ಮಾಡಿದ್ರೂ ತಪ್ಪು. ನಾಲ್ಕನೇ ದಿನ ನೀವು ಬಂದ್ರಿ, ಅಡುಗೆ ಸರಿಹೋಯ್ತು.

"ಅವನಿಗೆ ಸಿಗದೇ ಇದ್ದದ್ದು ನನಗ್ಯಾಕೆ" ಅಂದ್ರಂತೆ. ನನಗೂ ಹಾಗೇ ಅನ್ನಿಸಿತ್ತು. ಅವರಿಗೂ ಇದು ಸಿಗಬಹುದಿತ್ತು ಅಂತ ಹೊಳೆದಿದ್ದು ನನಗೆ ಸೂಜಿ ಚುಚ್ಚಿದ ಮೇಲೆ, ಇಲ್ಲದಿದ್ರೆ ನಾನೂ ಬೇಡ ಅಂತಿದ್ದೆನೋ ಏನೋ. ಆದ್ರೆ ಯೋಚನೆ ಮಾಡಿ. ಅವರನ್ನ ನೆನಪಿಟ್ಕೊಂಡಿರೋರು ನಾವಿಬ್ಬರೇ. ನನಗೆ ಗೊತ್ತಿರೋದು ಮನೆಯ ಮನುಷ್ಯ. ಘಾಟಿಯಲ್ಲಿ ಬ್ರೇಕ್ ಹಿಡೀದಾಗ ಅವರು ಏನು ಮಾಡಿದ್ರು ಅಂತ ನನಗೆ ಪೂರ್ತಿ ಗೊತ್ತಿಲ್ಲ. ಕೇಳಿದಾಗೆಲ್ಲ "ಏನಿಲ್ಲ, ನಿಲ್ಲಿಸಿದೆ" ಅಂತಿದ್ರು. ಅದನ್ನ ಹೇಳೋಕೆ ನೀವು ಇರಬೇಕು. ನೀವೂ ಅವಸರ ಮಾಡಿ ಇಳಿದುಬಿಟ್ರೆ ಆ ಅರ್ಧ ಮನುಷ್ಯನನ್ನ ನಾನು ಯಾರ ಹತ್ರ ಹೋಗಿ ಕೇಳಲಿ?

ಡಾಕ್ಟ್ರ ಮೇಲೆ ಸಿಟ್ಟು ಮಾಡ್ಕೊಳ್ಳಿ, ನಾನು ಬೇಡ ಅನ್ನಲ್ಲ. ಸಿಟ್ಟು ಮಾಡ್ಕೊಂಡೇ ಹೋಗಿ ತೋಳು ಕೊಡಿ.

ನಿಮ್ಮ ಅತ್ತಿಗೆ


ಜುಲೈ ೧೯

ಟೀಚರ್,

ಹೋದ ವಾರ ಕಂಡಕ್ಟರು ಬಂದ್ರು. ಡ್ರೈವರಣ್ಣ ಹೋಗಿ ಅವತ್ತಿಗೆ ಒಂದು ವರ್ಷ ಅಂತ ನಿಮಗೂ ಗೊತ್ತು, ನನಗೂ ಗೊತ್ತು, ಅದರ ಬಗ್ಗೆ ಬರೆಯಲ್ಲ.

ಬಾಗಿಲು ತೆಗೆಯೋಕೆ ಮುಂಚೆ ಮೆಟ್ಟಿಲ ಮೇಲೆ ಕೂತಿದ್ರು. ಇಸ್ತ್ರಿ ಹಾಕಿದ ಷರ್ಟು, ತೋಳು ಆಗಲೇ ಮೊಣಕೈ ದಾಟಿ ಮಡಿಸಿತ್ತು. ನನಗೆ ನಮಸ್ಕಾರ ಹೇಳಲಿಲ್ಲ. ಎದೆ ನೋಡಿದೆ, ಗೂರಲಿಗೆ ಔಷಧ ಬದಲಾಯಿಸಿದೆ. ಸಿಸ್ಟರ್ ಲಸಿಕೆ ಹಾಕಿ ಹತ್ತಿ ಒತ್ತಿದಾಗ ಕಣ್ಣಲ್ಲಿ ನೀರು ಬಂತು. "ನೋಯ್ತಾ?" ಅಂದ್ರು ಸಿಸ್ಟರ್. "ಇಷ್ಟೇನಾ?" ಅಂದ್ರು. "ಇಷ್ಟೇ ಇಷ್ಟಕ್ಕಾ?"

ಸಿಸ್ಟರ್ ಅವರ ಮಡಿಸಿದ ತೋಳು ಇಳಿಸಿದ್ರು.

ಹೊರಗೆ ಅರ್ಧ ಗಂಟೆ ಕೂತು ಹೋಗಿ ಅಂದಿದ್ವಿ. ಸ್ವಲ್ಪ ಹೊತ್ತಿಗೆ ಹೊರಗಿಂದ ಗಲಾಟೆ. ನೋಡಿದ್ರೆ ಕಂಡಕ್ಟರು ಎದ್ದು ನಿಂತು ಬೆಂಚಿನ ಮೇಲಿದ್ದವರನ್ನೆಲ್ಲ ವಿಚಾರಿಸ್ತಿದ್ದಾರೆ. "ಯಜಮಾನ್ರೇ, ನಿಮಗೆಷ್ಟು? ಅರವತ್ತೆಂಟಾ? ಮುಂದೆ ಬನ್ನಿ, ಒಳಗೆ ಜಾಗ ಇದೆ. ಅಮ್ಮಾ, ನೀವು? ವಯಸ್ಸು ಹೇಳೋಕೆ ನಾಚಿಕೆ ಯಾಕೆ, ನಾನೇನು ಹೆಣ್ಣು ಕೇಳೋಕೆ ಬಂದಿದ್ದೀನಾ?" ಅವತ್ತೊಂದು ದಿನ ಹದಿಮೂರು ಜನಕ್ಕೆ ಹಾಕಿದ್ವಿ. ಫ್ರಿಡ್ಜು ಖಾಲಿ. ಈಗ ವಾರಕ್ಕೆ ಎರಡು ದಿನ ಬಂದು ಬೆಂಚಿನ ಹತ್ರ ನಿಲ್ತಾರೆ. ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡಲ್ಲ. ಆದ್ರೆ ಬರ್ತಾರೆ.

ಒಂದು ಅನುಮತಿ ಬೇಕು. ಮುಂದಿನ ತಿಂಗಳು ಸುತ್ತಮುತ್ತಲಿನ ಡಾಕ್ಟರುಗಳ ಸಭೆ ಇದೆ. ಹೊಸ ಔಷಧ, ಹೊಸ ಮೆಷೀನು ಅಂತ ಮಾತಾಡಿ, ಊಟ ಮಾಡಿ ಎದ್ದು ಬರ್ತೀವಿ. ಈ ಸಲ ನಾನು ಮಾತಾಡ್ತೀನಿ ಅಂದಿದ್ದೀನಿ. ನಿಮ್ಮ ಮೊದಲನೇ ಕಾಗದ ಓದಲಾ?

ಡಾಕ್ಟರ್


ಜುಲೈ ೨೬

ಡಾಕ್ಟ್ರೇ,

ಓದಿ. ಆದ್ರೆ ನನ್ನ ಕಾಗದ ಓದಿ ನಿಲ್ಲಿಸೋ ಹಾಗಿಲ್ಲ. ನಿಮ್ಮ ಉತ್ತರಾನೂ ಓದಬೇಕು. "ಗೊತ್ತಿತ್ತು" ಅನ್ನೋದನ್ನ ನಿಧಾನವಾಗಿ ಓದಿ.

ಟೀಚರ್


ಆಗಸ್ಟ್ ೨೩

ಟೀಚರ್,

ಓದಿದೆ.

ನಲವತ್ತು ಜನ ಡಾಕ್ಟರು ಇದ್ರು. ನಿಮ್ಮ ಕಾಗದದ ನೂರ ಮೂವತ್ತೆಂಟರ ಹತ್ರ ಬಂದಾಗ ಫೋನು ನೋಡ್ತಿದ್ದವರು ತಲೆ ಎತ್ತಿದ್ರು. ನನ್ನದನ್ನ ಓದೋವಾಗ ಹಾಳೆ ಮೇಜಿನ ಮೇಲಿಟ್ಟು ಓದಿದೆ. ನೀವು ಹೇಳಿದ ಹಾಗೆ ನಿಧಾನವಾಗಿ.

ಮುಗಿದ ಮೇಲೆ ದೊಡ್ಡ ನರ್ಸಿಂಗ್ ಹೋಮಿನ ಡಾಕ್ಟರು ಎದ್ದು, "ಒಳ್ಳೇ ಮಾತು, ಆದ್ರೆ ಟೈಮ್ ಎಲ್ಲಿದೆ ಹೇಳಿ" ಅಂದ್ರು. ಹಲವರು ತಲೆ ಆಡಿಸಿದ್ರು. ಆರು ತಿಂಗಳ ಹಿಂದೆ ನಾನೂ ಆಡಿಸ್ತಿದ್ದೆ. ಇನ್ನೊಬ್ಬರು, ಇದನ್ನ ಶ್ವಾಸಕೋಶದ ತಜ್ಞರು ನೋಡ್ಕೋಬೇಕು ಅಂದ್ರು. ತಜ್ಞರು, ಇದು ಮನೆ ಡಾಕ್ಟರ ಕೆಲಸ, ನಮ್ಮ ಹತ್ರ ಬರೋ ಹೊತ್ತಿಗೆ ಕಾಯಿಲೆ ಬಂದಾಗಿರುತ್ತೆ ಅಂದ್ರು. ಚೆಂಡು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹೋಗ್ತಿತ್ತು. ನಾನು ಸೋತೆ ಅಂದ್ಕೊಂಡು ಕನ್ನಡಕ ಮಡಿಸಿದೆ.

ಆಗ ಮೊದಲನೇ ಸಾಲಿನಲ್ಲಿ ನಮ್ಮ ಮೇಷ್ಟ್ರು ಎದ್ದು ನಿಂತ್ರು. ಅಲ್ಲಿದ್ದ ಅರ್ಧಕ್ಕರ್ಧ ಜನಕ್ಕೆ ಸ್ಟೆತಸ್ಕೋಪ್ ಹಿಡಿಯೋಕೆ ಕಲಿಸಿದವರು. ಎದ್ದು ನಿಲ್ಲೋಕೇ ಅವರಿಗೆ ಒಂದು ನಿಮಿಷ ಬೇಕು. ಎರಡು ಕೈಯಲ್ಲೂ ಕೋಲು ಹಿಡ್ಕೊಂಡು ಹಿಂದೆ ತಿರುಗಿ ಎಲ್ಲರನ್ನೂ ಒಂದು ಸಲ ನೋಡಿದ್ರು.

"ನನಗೆ ಎಂಬತ್ತೊಂದು" ಅಂದ್ರು. "ಹೋದ ವರ್ಷ ಹೃದಯಕ್ಕೆ ನಿನ್ನ ಹತ್ರ ಬಂದೆ. ಕಣ್ಣಿಗೆ ನಿನ್ನ ಹತ್ರ. ಸೊಂಟಕ್ಕೆ, ಎಲ್ಲಿದ್ದೀಯಪ್ಪ, ಹಾಂ, ನಿನ್ನ ಹತ್ರ. ಎಲ್ಲರೂ ಎದ್ದು ನಿಂತು ನಮಸ್ಕಾರ ಹೊಡೆದ್ರಿ. ಫೀಸೂ ತಗೊಳ್ಳಲಿಲ್ಲ." ಸ್ವಲ್ಪ ಉಸಿರು ತಗೊಂಡ್ರು. "ಇದನ್ನ ಮಾತ್ರ ನನ್ನನ್ನ ಒಬ್ಬರೂ ಕೇಳಲಿಲ್ಲ."

ಕೂತ್ಕೊಂಡ್ರು.

ಊಟದ ಹೊತ್ತಿಗೆ ಜನ ನನ್ನ ಸುತ್ತ ನಿಂತಿದ್ರು. ನೀವು ಯಾವ ಮಾತಿನಿಂದ ಶುರು ಮಾಡ್ತೀರಿ, ಬೇಡ ಅಂದ್ರೆ ಏನಂತೀರಿ, ಯಾರಿಗೆ ಒಂದು ಸಲ ಸಾಕು, ಯಾರಿಗೆ ಇನ್ನೊಂದು ಬೇಕು, ಚೀಟಿಯ ಮೂಲೆಯ ಗುರುತು ಎಂಥದ್ದು. ನರ್ಸಿಂಗ್ ಹೋಮಿನವರು ಕೊನೆಗೆ ಬಂದು ಸಣ್ಣ ದನಿಯಲ್ಲಿ ನಮ್ಮ ಸಿಸ್ಟರ್ ನಂಬರ್ ಕೇಳಿದ್ರು, ಅವರ ಸಿಸ್ಟರುಗಳಿಗೆ ಹೇಳಿಕೊಡೋಕಂತೆ. ಮೇಷ್ಟ್ರನ್ನ ನಾನೇ ಕಾರಲ್ಲಿ ಕೂರಿಸ್ಕೊಂಡು ಕ್ಲಿನಿಕ್ಕಿಗೆ ಬಂದೆ. ಅವತ್ತೇ.

ಡಿಸೆಂಬರಿಗೆ ಕ್ಲಿನಿಕ್ ಮುಚ್ಚೋ ವಿಷಯ ಸದ್ಯಕ್ಕೆ ಮಾತಾಡೋದು ಬೇಡ. ಸಿಸ್ಟರ್ ಒಪ್ತಿಲ್ಲ.

ನಿಮ್ಮನ್ನ ಒಂದು ಮಾತು ಕೇಳಬೇಕು ಅಂತ ಫೆಬ್ರವರಿಯಿಂದ ಅಂದ್ಕೊಳ್ತಾನೇ ಇದ್ದೀನಿ. ಈ ಸಲವೂ ಆಗ್ತಿಲ್ಲ. ಇರಲಿ.

ನಿಮ್ಮ,
ಡಾಕ್ಟರ್


ಸೆಪ್ಟೆಂಬರ್ ೪

ಡಾಕ್ಟ್ರೇ,

ನೀವು ಕೇಳದೆ ಬಿಟ್ಟ ಮಾತು ಯಾವುದು ಅಂತ ನನಗೆ ಗೊತ್ತು. ಅದಕ್ಕೆ ಒಂದು ಸಾಲಿನ ಉತ್ತರ ಬರೆಯೋಕೆ ಎರಡು ದಿನ ಕೂತೆ. ಬರಲಿಲ್ಲ. ಕ್ಷಮಿಸಿದೆ ಅಂತ ಬರೆದ್ರೆ ಏನೋ ದೊಡ್ಡ ಮನಸ್ಸಿನವಳ ಹಾಗೆ ಕಾಣುತ್ತೆ. ಕ್ಷಮಿಸೋಕೆ ಏನಿದೆ ಅಂತ ಬರೆದ್ರೆ ಸುಳ್ಳಾಗುತ್ತೆ. ಇದೆ. ಮೂರು ದಿನ ಕಾದ ನನ್ನನ್ನ ನಾನೇ ಇನ್ನೂ ಪೂರ್ತಿ ಬಿಟ್ಟಿಲ್ಲ.

ತಂಗಿ ಈಗ ಮಹಡಿ ಹತ್ತಿ ಇಳೀತಾಳೆ. ಪಾತ್ರೆ ಎಲ್ಲಾ ಅವಳಿಗೆ ಬೇಕಾದ ಹಾಗೆ ಜೋಡಿಸ್ಕೊಂಡಿದ್ದಾಳೆ. ನಾನು ಶನಿವಾರ ಮನೆಗೆ ಬರ್ತಿದ್ದೀನಿ. ಬಸ್‌ಸ್ಟ್ಯಾಂಡಿಗೆ ಕಂಡಕ್ಟ್ರು ಬರ್ತಾರಂತೆ. ಭಾನುವಾರ ಊಟಕ್ಕೆ ಕರೆದಿದ್ದೀನಿ. ಘಾಟಿಯ ಕಥೆ ಹೇಳ್ತೀನಿ ಅಂದಿದ್ದಾರೆ, ಬಹಳ ಉದ್ದ ಇದೆಯಂತೆ.

ಇಲ್ಲಿನ ಡಾಕ್ಟರಮ್ಮ ತುಂಬಾ ಒಳ್ಳೆಯವರು. ನನ್ನ ಚೀಟಿ, ರಿಪೋರ್ಟುಗಳನ್ನೆಲ್ಲ ಕೈಗೆ ಕೊಟ್ಟು, ಅಲ್ಲಿ ನಿಮ್ಮನ್ನ ನೋಡ್ಕೊಳ್ಳೋರು ಯಾರಮ್ಮ ಅಂತ ಕೇಳಿದ್ರು. ಅಲ್ಲಿ ಈಗ ಬೇಕಾದಷ್ಟು ಕ್ಲಿನಿಕ್ ಇವೆಯಲ್ಲ, ಯಾರ ಹೆಸರು ಬರೀಲಿ ಅಂದ್ರು.

ನಿಮ್ಮ ಹೆಸರು ಹೇಳಿದೆ.

ಸೋಮವಾರ ಬೆಳಿಗ್ಗೆ ಬರ್ತೀನಿ. ಸಕ್ಕರೆ ನೋಡಿಸಬೇಕು.

ಟೀಚರ್